ಆರ್ಟ್ ಕಾಲೇಜಿಗೆ ಮೊದಲು ದಿನಾ ಡ್ರಾಯಿಂಗ್: ಯಾವ ರೀತಿಯ ಅಭ್ಯಾಸ ಹಿಡಿಯುವುದು?

ಪ್ಲಸ್ ಟು ಪರೀಕ್ಷೆ ಮಾರ್ಚಲ್ಲಿ ಮುಗೀತದೆ, ಆರ್ಟ್ ಕಾಲೇಜಿನ ಕ್ಲಾಸು ಸರಿಯಾಗಿ ಶುರುವಾಗುವಾಗ ಮಳೆಗಾಲ ಅರ್ಧ ಕಳೆದಿರ್ತದೆ. ಈ ನಡುವಿನ ತಿಂಗಳುಗಳಲ್ಲಿ ದಿನಾ ಡ್ರಾಯಿಂಗ್ ಮಾಡು ಅಂತ ಎಲ್ಲರೂ ಹೇಳ್ತಾರೆ. ಆದ್ರೆ ಎಂತ ಬಿಡಿಸ್ಬೇಕು, ಎಷ್ಟು ಹೊತ್ತು, ಪೆನ್ಸಿಲಾ ಪೆನ್ನಾ, ಕ್ಲಾಸಿಗೆ ಹೋಗ್ಬೇಕಾ ಮನೆಯಲ್ಲೇ ಸಾಕಾ ಅಂತ ಕೇಳಿದ್ರೆ ಒಬ್ಬೊಬ್ಬರದ್ದು ಒಂದೊಂದು ಮಾತು, ಯೂಟ್ಯೂಬ್ ತೆರೆದ್ರೆ ಅಲ್ಲಿ ಇನ್ನೂ ಹತ್ತು ದಾರಿ, ಕೊನೆಗೆ ಯಾವುದನ್ನು ಹಿಡಿಯುವುದು ಅಂತ ಯೋಚನೆ ಮಾಡಿ ಮಾಡಿಯೇ ಒಂದು ತಿಂಗಳು ಹೋಗ್ತದೆ. ಹಾಗಾಗಿ ಎಲ್ಲವನ್ನೂ ಎದುರೆದುರು ಇಟ್ಟು ನನಗೆ ಸರಿ ಅಂತ ಕಾಣುವುದನ್ನು ಇಲ್ಲಿ ಹೇಳ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ: ಕಣ್ಣೆದುರು ಇರುವ ವಸ್ತುವನ್ನು, ಮನುಷ್ಯರನ್ನು ನೋಡಿ ಬಿಡಿಸುವುದು, ಅದೂ ಸಣ್ಣ ಹೊತ್ತು, ಆದ್ರೆ ದಿನಾ. ಬಾಕಿ ಎಲ್ಲ ಇದರ ನಂತರ.

ನಮ್ಮ ಕಡೆಯವರಿಗೆ, ಅಂದ್ರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಈ ಕಡೆ ಕನ್ನಡ ಮೀಡಿಯಮಲ್ಲಿ ಓದಿದ ಮಕ್ಕಳಿಗೆ, ಇನ್ನೊಂದು ತಲೆಬಿಸಿಯೂ ಉಂಟು. ಕೇರಳದ ಸರಕಾರಿ ಫೈನ್ ಆರ್ಟ್ಸ್ ಕಾಲೇಜು ಅಂದ್ರೆ ತ್ರಿಶ್ಶೂರು, ಮಾವೇಲಿಕ್ಕರ, ತಿರುವನಂತಪುರ, ಎಲ್ಲ ತೆಂಕಣಕ್ಕೆ. ಈಚೆ ಮಂಗಳೂರಲ್ಲಿ ಮಹಾಲಸಾ ಉಂಟು, ರೈಲಲ್ಲಿ ಹೋಗಿ ಬರ್ಬಹುದು, ಇಲ್ಲದಿದ್ರೆ ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು. ಎರಡೂ ಕಡೆ ಅರ್ಜಿ ಹಾಕಿಟ್ಟು ಎಲ್ಲಿ ಸಿಗ್ತದೆ ನೋಡುವ ಅಂತ ಕೂರುವವರೇ ಹೆಚ್ಚು. ಹಾಗಿರುವಾಗ ಒಂದೇ ಕಾಲೇಜಿನ ಪರೀಕ್ಷೆಗೆ ಮಾತ್ರ ಹೊಂದುವ ಹಾಗೆ ತಯಾರಿ ಮಾಡಿದ್ರೆ ನಷ್ಟ. ನೋಡಿ ಬಿಡಿಸುವ ಅಭ್ಯಾಸ ಆದ್ರೆ ಎಲ್ಲಿ ಸಿಕ್ಕಿದ್ರೂ ಉಪಯೋಗಕ್ಕೆ ಬರ್ತದೆ, ಭಾಷೆಯೂ ಅಡ್ಡ ಬರುವುದಿಲ್ಲ.

ಹೊತ್ತು ಲೆಕ್ಕವಾ, ಪುಟ ಲೆಕ್ಕವಾ, ದಿನಕ್ಕೊಂದು ಚಿತ್ರವಾ

ಮೂರು ರೀತಿ ಉಂಟು. ಒಂದು, ದಿನಕ್ಕೊಂದು ಪೂರ್ತಿ ಚಿತ್ರ ಮುಗಿಸುವುದು. ಎರಡು, ದಿನಕ್ಕೆ ಇಷ್ಟು ಪುಟ ಅಂತ ತುಂಬಿಸುವುದು. ಮೂರು, ಗಡಿಯಾರ ಇಟ್ಟು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕೂತು, ಹೊತ್ತು ಆದ ಕೂಡ್ಲೇ ಏಳುವುದು.

ದಿನಕ್ಕೊಂದು ಚಿತ್ರ ಅನ್ನುವುದು ಕೇಳ್ಲಿಕ್ಕೆ ಚಂದ, ತಿಂಗಳ ಕೊನೆಗೆ ಮೂವತ್ತು ಚಿತ್ರ ಕೈಯಲ್ಲಿರ್ತದೆ. ಆದ್ರೆ ಅದರಲ್ಲೊಂದು ತೊಂದರೆ ಉಂಟು, ಚಿತ್ರ ಮುಗಿಸ್ಲೇಬೇಕು ಅಂತ ಆದಾಗ ನಾವು ಈಗಾಗ್ಲೇ ಬರುವುದನ್ನೇ ಮಾಡ್ತೇವೆ. ಕೈ ಬಿಡಿಸ್ಲಿಕ್ಕೆ ಕಷ್ಟ ಆದವರು ಕೈಯನ್ನು ಬೆನ್ನ ಹಿಂದೆ ಇಟ್ಟ ಹಾಗೆ ಬಿಡಿಸ್ತಾರೆ, ಕಾಲಿನ ಪಾದ ಬರದವರು ಹುಲ್ಲಿನ ಒಳಗೆ ಪಾದ ಮುಚ್ತಾರೆ. ಚಿತ್ರ ನೋಡ್ಲಿಕ್ಕೆ ಚಂದ ಆಗ್ತದೆ, ಬಾರದ್ದು ಬಾರದ್ದಾಗಿಯೇ ಉಳೀತದೆ. ಅಕ್ಟೋಬರಲ್ಲಿ ಲೋಕದಲ್ಲೆಲ್ಲ ಮಾಡುವ ಇಂಕ್‌ಟೋಬರ್ ಉಂಟಲ್ಲ, 2009ರಲ್ಲಿ ಶುರುವಾದದ್ದು, 31 ದಿನ 31 ಶಾಯಿ ಚಿತ್ರ, ಅದು ಈಗಾಗ್ಲೇ ಬಿಡಿಸ್ಲಿಕ್ಕೆ ಗೊತ್ತಿರುವವರಿಗೆ ಉಮೇದು ಕೊಡ್ಲಿಕ್ಕೆ ಒಳ್ಳೆಯದು, ಕಲಿಯುವ ಹಂತದಲ್ಲಿ ಇರುವವರಿಗೆ ಅಷ್ಟು ಪ್ರಯೋಜನ ಇಲ್ಲ ಅಂತ ನನ್ನ ಅಭಿಪ್ರಾಯ.

ಪುಟ ಲೆಕ್ಕ ಪರವಾಗಿಲ್ಲ, ಆದ್ರೆ ಪುಟ ತುಂಬಿಸುವ ಅವಸರದಲ್ಲಿ ನೋಡುವುದು ಕಮ್ಮಿ ಆಗ್ತದೆ. ನನಗೆ ಹೊತ್ತಿನ ಲೆಕ್ಕವೇ ಸರಿ ಕಾಣ್ತದೆ, ಯಾಕಂದ್ರೆ ಅದರಲ್ಲಿ ಚಿತ್ರ ಹಾಳಾದ್ರೂ ದಿನ ಹಾಳಾಗುವುದಿಲ್ಲ. ಕೂತದ್ದೇ ಕೆಲಸ. ಮನೆಯಲ್ಲಿ ಮದುವೆ ಇರ್ಲಿ, ಜ್ವರ ಬರ್ಲಿ, ಅಡಿಕೆ ಒಣಗಿಸುವ ಗಡಿಬಿಡಿ ಇರ್ಲಿ, ಆ ದಿನಕ್ಕೆ ಹತ್ತು ನಿಮಿಷ ಸಾಕು ಅಂತ ಮೊದಲೇ ನಿಶ್ಚಯ ಮಾಡಿ ಇಟ್ಕೊಳ್ಳಿ. ದಿನಾ ಮೂರು ಗಂಟೆ ಅಂತ ಹಠ ಹಿಡಿದವರು ಎರಡನೇ ವಾರಕ್ಕೆ ನಿಲ್ಲಿಸುವುದು ನೋಡಿದ್ದೇನೆ, ನಲ್ವತ್ತು ನಿಮಿಷದವರು ಕಾಲೇಜು ಸೇರಿದ ಮೇಲೂ ಮುಂದುವರಿಸ್ತಾರೆ. ಇನ್ನು ವಾರಪೂರ್ತಿ ಬಿಟ್ಟು ಆದಿತ್ಯವಾರ ಐದು ಗಂಟೆ ಕೂರುವವರೂ ಇದ್ದಾರೆ, ಅವರದ್ದು ಮೊದಲ ಒಂದು ಗಂಟೆ ಕೈ ಸಡಿಲ ಆಗ್ಲಿಕ್ಕೇ ಹೋಗ್ತದೆ. ಆದಿತ್ಯವಾರದ ಉದ್ದ ಕೂರುವಿಕೆ ಬೇಕು, ಆದ್ರೆ ದಿನದ ಅಭ್ಯಾಸದ ಮೇಲೆ ಹೆಚ್ಚಿನದ್ದಾಗಿ.

ನೋಡಿ ಬಿಡಿಸುವುದು, ಫೋಟೋ ನೋಡಿ ಬಿಡಿಸುವುದು, ನಕಲು ಮಾಡುವುದು, ಮನಸ್ಸಿಂದ ಬಿಡಿಸುವುದು

ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳ್ತೇನೆ.

ಈಗಿನ ಮಕ್ಕಳು ಹೆಚ್ಚಾಗಿ ಫೋನಲ್ಲಿರುವ ಫೋಟೋ ನೋಡಿ ಬಿಡಿಸ್ತಾರೆ. ಸಿನೆಮಾ ನಟರ ಮುಖ, ಗ್ರಿಡ್ ಹಾಕಿ, ಚೌಕ ಚೌಕವಾಗಿ, ಎಂಟು ಹತ್ತು ಗಂಟೆ ಕೂತು ಶೇಡಿಂಗ್. ತಾಳ್ಮೆ ಬರ್ತದೆ, ಶೇಡಿಂಗ್ ಹದ ಬರ್ತದೆ, ಅದು ಸಣ್ಣ ವಿಷಯ ಅಲ್ಲ. ಆದ್ರೆ ದುಂಡಗಿರುವ ವಸ್ತುವನ್ನು ಚಪ್ಪಟೆ ಕಾಗದದ ಮೇಲೆ ಹೇಗೆ ತರುವುದು ಅನ್ನುವ ಮುಖ್ಯ ಕೆಲಸವನ್ನು ಕ್ಯಾಮೆರಾ ಆಗ್ಲೇ ಮಾಡಿ ಆಗಿರ್ತದೆ, ನಿಮಗೆ ಉಳಿದದ್ದು ಚಪ್ಪಟೆಯಿಂದ ಚಪ್ಪಟೆಗೆ ಇಳಿಸುವುದು ಮಾತ್ರ. ಅದರ ಮೇಲೆ ಫೋನಿನ ಮೈನ್ ಕ್ಯಾಮೆರಾ ಅಗಲ ಕೋನದ್ದು, ಹತ್ತಿರದಿಂದ ಮುಖ ತೆಗೆದ್ರೆ ಮೂಗು ದೊಡ್ಡ, ಕಿವಿ ಹಿಂದೆ ಸರಿದ ಹಾಗೆ ಬರ್ತದೆ, ನೆರಳು ಇರುವಲ್ಲಿ ಒಳಗಿನದ್ದೆಲ್ಲ ಕಪ್ಪಾಗಿ ಕಾಣದೆ ಹೋಗ್ತದೆ. ಫೋಟೋವೇ ಗತಿ ಆದ್ರೆ ಎರಡು ಮೂರು ಮೀಟರ್ ದೂರ ನಿಂತು ತೆಗೆದು ಆಮೇಲೆ ಕ್ರಾಪ್ ಮಾಡಿ, ವಕ್ರ ಕಮ್ಮಿ ಆಗ್ತದೆ.

ನೋಡಿ ಬಿಡಿಸುವುದರಲ್ಲಿ ಈ ಸಹಾಯ ಯಾವುದೂ ಇಲ್ಲ, ಅದೇ ಅದರ ಲಾಭ. ನೀವು ತಲೆ ಸ್ವಲ್ಪ ಆಡಿಸಿದ್ರೆ ಎಲ್ಲ ಬದಲಾಗ್ತದೆ, ಎದುರಿನವರು ಅಲುಗಾಡ್ತಾರೆ, ಬೆಳಕು ಸರೀತದೆ, ಯಾವುದನ್ನು ಹಿಡಿಯುವುದು ಯಾವುದನ್ನು ಬಿಡುವುದು ಅಂತ ನೀವೇ ನಿರ್ಧಾರ ಮಾಡ್ಬೇಕು. ಮನೆಯಲ್ಲಿರುವ ಒಂದು ತಂಬಿಗೆಯಿಂದ ಶುರು ಮಾಡಿ. ಅದರ ಬಾಯಿ ವೃತ್ತ, ಆದ್ರೆ ನಿಮಗೆ ಕಾಣುವುದು ಅಂಡಾಕಾರ, ಕಣ್ಣಿನ ಮಟ್ಟಕ್ಕೆ ಹತ್ತಿರ ಇರುವುದು ಚಪ್ಪಟೆ, ಕೆಳಗೆ ಹೋದ ಹಾಗೆ ಅಗಲ ಆಗ್ತದೆ. ಅಂದ್ರೆ ಮೇಜಿನ ಮೇಲಿಟ್ಟ ತಂಬಿಗೆಯ ಬಾಯಿಗಿಂತ ತಳದ ಗೆರೆ ಹೆಚ್ಚು ಬಾಗಿರ್ಬೇಕು. ಶುರುವಿಗೆ ಹೆಚ್ಚಿನವರು ತಳವನ್ನು ನೇರ ಗೆರೆಯಲ್ಲಿ ಎಳೀತಾರೆ, ಯಾಕಂದ್ರೆ ತಂಬಿಗೆ ನೆಲದ ಮೇಲೆ ಸಮ ಕೂತಿದೆ ಅಂತ ಅವರಿಗೆ ಗೊತ್ತು. ಗೊತ್ತಿರುವುದನ್ನು ಬಿಟ್ಟು ಕಾಣುವುದನ್ನು ಎಳೆಯುವುದು ಅಂದ್ರೆ ಇದೇ. ಅಂಡಾಕಾರದ ಎರಡು ತುದಿ ಚೂಪಾಗ್ಬಾರ್ದು, ಅಲ್ಲಿಯೂ ಗೆರೆ ದುಂಡಗೆ ತಿರುಗ್ಬೇಕು, ಅದೊಂದು ನೆನಪಿಟ್ಕೊಳ್ಳಿ.

ಅಳತೆಗೆ ಪೆನ್ಸಿಲ್ ಸಾಕು. ಕೈ ನೀಟ ಚಾಚಿ, ಮೊಣಕೈ ಮಡಚದೆ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯಿಂದ ಹೆಬ್ಬೆರಳಿನವರೆಗೆ ತಂಬಿಗೆಯ ಅಗಲ ಹಿಡಿಯಿರಿ, ಅದೇ ಅಳತೆ ಎತ್ತರದಲ್ಲಿ ಎಷ್ಟು ಸಲ ಬರ್ತದೆ ನೋಡಿ. ಮೊಣಕೈ ಮಡಚಿದ್ರೆ ಅಳತೆ ಬದಲಾಗ್ತದೆ, ಎಲ್ಲ ತಪ್ಪುವುದು ಅಲ್ಲೇ. ಮತ್ತೆ ವಸ್ತುಗಳ ನಡುವಿನ ಖಾಲಿ ಜಾಗದ ಆಕಾರ ನೋಡಿ, ಕುರ್ಚಿಯ ಕಾಲು ಬಿಡಿಸುವ ಬದಲು ಕಾಲುಗಳ ನಡುವಿನ ಖಾಲಿ ಬಿಡಿಸಿ, ಕಾಲು ತನ್ನಷ್ಟಕ್ಕೇ ಸರಿ ಬರ್ತದೆ.

ನಿಂತ ವಸ್ತು ಬೇಜಾರಾದ್ರೆ ಮನುಷ್ಯರು. ಇದರಲ್ಲಿ ನಮ್ಮ ಊರಿನಷ್ಟು ಅನುಕೂಲ ಪಟ್ಟಣದ ಫ್ಲ್ಯಾಟಲ್ಲಿ ಇರುವವರಿಗೆ ಇಲ್ಲ ಅಂತ ನನಗೆ ಖಂಡಿತ ಅನಿಸ್ತದೆ. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುವವರು ಒಂದೇ ಚಲನೆಯನ್ನು ಗಂಟೆಗಟ್ಟಲೆ ಮಾಡ್ತಾರೆ, ಕೈ ಮೇಲೆ ಹೋಗ್ತದೆ, ಮೆಟ್ಟುಕತ್ತಿಗೆ ಒತ್ತುತ್ತದೆ, ಸಿಪ್ಪೆ ಬೀಳ್ತದೆ, ಪುನಃ ಅದೇ. ಚಲಿಸುವ ಮನುಷ್ಯರನ್ನು ಬಿಡಿಸ್ಲಿಕ್ಕೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಮಾಡೆಲ್ ಇಲ್ಲ, ಒಂದು ಭಂಗಿ ತಪ್ಪಿದ್ರೆ ಅರ್ಧ ನಿಮಿಷದಲ್ಲಿ ಅದೇ ಭಂಗಿ ಪುನಃ ಬರ್ತದೆ. ಒಂದೇ ಕಾಗದದಲ್ಲಿ ಮೂರು ನಾಲ್ಕು ಭಂಗಿ ಶುರು ಮಾಡಿ, ಯಾವುದು ಬಂತೋ ಆ ಚಿತ್ರಕ್ಕೆ ಎರಡು ಗೆರೆ ಸೇರಿಸಿ. ಬೀಡಿ ಕಟ್ಟುವವರು, ಹೋಟೆಲಲ್ಲಿ ಚಹಾ ಎತ್ತಿ ಹೊಯ್ಯುವವರು, ಎಲ್ಲ ಹೀಗೆಯೇ. ಬಸ್‌ಸ್ಟ್ಯಾಂಡಲ್ಲಿ ಆದ್ರೆ ಬೇರೆ ರೀತಿ, ಅಲ್ಲಿ ಜನ ಯಾವಾಗ ಎದ್ದು ಹೋಗ್ತಾರೆ ಗೊತ್ತಿಲ್ಲ, ಮೂವತ್ತು ಸೆಕೆಂಡಲ್ಲಿ ಬೆನ್ನಿನ ಬಾಗು, ಭಾರ ಯಾವ ಕಾಲಿನ ಮೇಲೆ ಉಂಟು, ಇಷ್ಟು ಹಿಡಿದ್ರೆ ಸಾಕು. ಇದಕ್ಕೆ ಜೆಸ್ಚರ್ ಅಂತ ಹೇಳ್ತಾರೆ, ಆರ್ಟ್ ಕಾಲೇಜಲ್ಲಿ ಇದೇ ಶಬ್ದ ಕೇಳಿಸ್ತದೆ. ಮನೆಯವರಲ್ಲಿ ಕೇಳಿಯೇ ಬಿಡಿಸಿ. "ಅಜ್ಜಿ, ನೀವು ಹಾಗೆಯೇ ಕೂತಿರಿ, ನಾನು ನಿಮ್ಮ ಕೈ ಮಾತ್ರ ಬಿಡಿಸ್ತೇನೆ" ಅಂದ್ರೆ ಯಾರೂ ಬೇಡ ಹೇಳುವುದಿಲ್ಲ, ಮುಖ ಅಂದ್ರೆ ಮಾತ್ರ ಕೂದಲು ಸರಿ ಮಾಡ್ಲಿಕ್ಕೆ ಏಳ್ತಾರೆ.

ಮತ್ತೆ ಯಕ್ಷಗಾನ. ಮೇಳಗಳ ತಿರುಗಾಟ ಪತ್ತನಾಜೆವರೆಗೆ ಇರ್ತದೆ, ಅಂದ್ರೆ ಮೇ 24ರ ಆಸುಪಾಸು, ಪರೀಕ್ಷೆ ಮುಗಿದ ಮೇಲೆ ನಿಮಗೆ ಹತ್ತಿರ ಹತ್ತಿರ ಎರಡು ತಿಂಗಳು ಸಿಗ್ತದೆ. ರಂಗಸ್ಥಳದ ಎದುರು ಕೂತು ಬಿಡಿಸಿದ್ರೆ ಜೆಸ್ಚರ್ ಅಭ್ಯಾಸ ಆಗ್ತದೆ, ತೆಂಕುತಿಟ್ಟಿನ ಧೀಂಗಿಣ, ಅಂದ್ರೆ ಹಾರಿ ಸುತ್ತುವ ಕುಣಿತ, ಹಿಡಿಯುವುದು ಸುಲಭ ಅಲ್ಲ, ಕಿರೀಟದ ಮಣಿ ಎಣಿಸ್ಲಿಕ್ಕೆ ಹೋಗ್ಬೇಡಿ, ದೇಹದ ಓಟ ಎಲ್ಲಿಂದ ಎಲ್ಲಿಗೆ ಅಂತ ಒಂದೇ ಗೆರೆಯಲ್ಲಿ ಹಾಕಿ. ಚೌಕಿಗೆ, ಅಂದ್ರೆ ವೇಷ ಹಾಕುವ ಜಾಗಕ್ಕೆ, ಹೋದ್ರೆ ಇದರ ತದ್ವಿರುದ್ಧ. ಅಲ್ಲಿ ಕಲಾವಿದರು ಬಣ್ಣ ಹಚ್ಚಿಕೊಳ್ತಾ ಕೂತಿರ್ತಾರೆ, ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡ್ಲಿಕ್ಕೆ ಗಂಟೆಗಟ್ಟಲೆ ಹಿಡೀತದೆ, ಅಷ್ಟು ಹೊತ್ತು ಅಲುಗಾಡದೆ ಕೂರುವ ಮಾಡೆಲ್ ದುಡ್ಡು ಕೊಟ್ರೂ ಸಿಗುವುದಿಲ್ಲ. ಮೊದಲು ಕೇಳಿ, ಒಂದು ಮೂಲೆಯಲ್ಲಿ ಕೂತು, ದಾರಿಗೆ ಅಡ್ಡ ಆಗದೆ ಬಿಡಿಸಿ. ಒಂದೇ ರಾತ್ರಿಯಲ್ಲಿ ಉದ್ದ ನೋಡುವುದು, ಬೇಗ ನೋಡುವುದು ಎರಡೂ ಅಭ್ಯಾಸ ಆಗ್ತದೆ.

ನಕಲು ಮಾಡುವುದನ್ನು ಕೀಳಾಗಿ ನೋಡ್ಬೇಡಿ. ವಿನ್ಸೆಂಟ್ ವ್ಯಾನ್ ಗೋ 1880ರಲ್ಲಿ, 27ನೇ ವಯಸ್ಸಲ್ಲಿ ಚಿತ್ರಕಾರ ಆಗ್ತೇನೆ ಅಂತ ನಿಶ್ಚಯ ಮಾಡಿದಾಗ ಶಾರ್ಲ್ ಬಾರ್ಗ್ ಅನ್ನುವವರ ಡ್ರಾಯಿಂಗ್ ಪಾಠದ ಹಾಳೆಗಳನ್ನು ಒಂದೊಂದಾಗಿ ನಕಲು ಮಾಡಿಯೇ ಕೈ ಪಳಗಿಸಿದ್ದು. ಆದ್ರೆ ಅವರು ಅದರ ಜೊತೆಗೆ ಗಣಿಯಲ್ಲಿ ಕೆಲಸ ಮಾಡುವವರನ್ನು, ಹೊಲದಲ್ಲಿ ಅಗೆಯುವವರನ್ನು ನೋಡಿಯೂ ಬಿಡಿಸ್ತಾ ಇದ್ದರು, ಎರಡೂ ಒಟ್ಟಿಗೆ. ನಕಲಿನಿಂದ ಸಿಗುವುದು ಎಂತ ಅಂದ್ರೆ ಬೇರೆಯವರು ಯಾವ ಗೆರೆ ಬಿಟ್ಟರು ಅನ್ನುವುದು. ನಮ್ಮ ಪಕ್ಕದ ಉಡುಪಿ ಕಡೆಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು, 1911ರಲ್ಲಿ ಹುಟ್ಟಿದವರು, ಮುಂಬೈಯ ಜೆ.ಜೆ. ಸ್ಕೂಲಲ್ಲಿ ಕಲಿತವರು, ಅವರ ನೃತ್ಯದ ರೇಖಾಚಿತ್ರಗಳನ್ನು ಸಿಕ್ಕಿದಲ್ಲಿ ನೋಡಿ, ನಕಲು ಮಾಡಿ ನೋಡಿ. ಎಷ್ಟು ಕಮ್ಮಿ ಗೆರೆಯಲ್ಲಿ ದೇಹ ಕುಣೀತದೆ ಅಂತ ಕೈಗೆ ಗೊತ್ತಾಗ್ತದೆ, ಕಣ್ಣಲ್ಲಿ ನೋಡಿ ಅಷ್ಟು ಗೊತ್ತಾಗುವುದಿಲ್ಲ. ವಾರಕ್ಕೆ ಒಂದು ದಿನ ನಕಲಿಗೆ ಕೊಟ್ರೆ ಸಾಕು. ಇನ್‌ಸ್ಟಾಗ್ರಾಮಿನ ಆನಿಮೆ ಕಣ್ಣುಗಳನ್ನು ನಕಲು ಮಾಡುವುದು ಬೇರೆ ವಿಷಯ, ಅದು ಈಗಾಗ್ಲೇ ಯಾರೋ ಸರಳ ಮಾಡಿದ್ದನ್ನು ಇನ್ನೊಮ್ಮೆ ಸರಳ ಮಾಡುವುದು, ಅದರಿಂದ ನಿಮ್ಮ ಕಣ್ಣಿಗೆ ಕೆಲಸ ಸಿಗುವುದಿಲ್ಲ.

ಇನ್ನು ಮನಸ್ಸಿಂದ ಬಿಡಿಸುವುದು. ನಮ್ಮ ಮಕ್ಕಳಲ್ಲಿ ತುಂಬಾ ಜನ ಶಾಲಾ ಕಲೋತ್ಸವದಿಂದ ಬಂದವರು. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಕಾಞಂಗಾಡಲ್ಲೇ ಆದದ್ದು ಹಲವರಿಗೆ ನೆನಪಿರ್ಬಹುದು. ಪೆನ್ಸಿಲ್ ಡ್ರಾಯಿಂಗ್, ಜಲವರ್ಣ, ಕಾರ್ಟೂನು, ಕೊಲಾಜು ಅಂತ ಸ್ಪರ್ಧೆ, ವಿಷಯ ಅಲ್ಲೇ ಕೊಡ್ತಾರೆ, ಹೊತ್ತಿನ ಒಳಗೆ ಮುಗಿಸ್ಬೇಕು. ಇದರಿಂದ ಬಂದವರಿಗೆ ಖಾಲಿ ಕಾಗದದ ಹೆದರಿಕೆ ಇಲ್ಲ, ಕಾಂಪೋಸಿಷನ್ ಬೇಗ ಹೊಳೀತದೆ, ಬಹಳ ದೊಡ್ಡ ಬಲ ಅದು. ಆದ್ರೆ ಅದೇ ತೆಂಗಿನಮರ, ಅದೇ ಕೊಡಪಾನ ಹೊತ್ತ ಹೆಂಗಸು, ಅದೇ ದೋಣಿ, ವಿಷಯ ಯಾವುದು ಕೊಟ್ರೂ ಕೈ ಅಲ್ಲಿಗೇ ಹೋಗ್ತದೆ. ಮನೆ ಎದುರು ನೂರು ತೆಂಗಿನಮರ ಇರುವವರೂ ಸ್ಪರ್ಧೆಗೆ ಕಲಿತ ತೆಂಗಿನಮರವನ್ನೇ ಬಿಡಿಸ್ತಾರೆ, ಬುಡದ ದಪ್ಪ, ಗರಿ ಬಿದ್ದ ಗುರುತಿನ ಉಂಗುರ, ಹಳೆ ಗರಿ ಕೆಳಗೆ ಬಾಗುವ ರೀತಿ, ಇದನ್ನೊಂದೂ ನೋಡದೆ. ನೀವು ಕಲೋತ್ಸವದಿಂದ ಬಂದವರಾದ್ರೆ ಈ ತಿಂಗಳುಗಳಲ್ಲಿ ಮನಸ್ಸಿನ ಚಿತ್ರಕ್ಕೆ ಸ್ವಲ್ಪ ರಜೆ ಕೊಡಿ.

ಪೂರ್ತಿ ಬಿಡುವುದೂ ಬೇಡ, ಯಾಕಂದ್ರೆ ಪ್ರವೇಶ ಪರೀಕ್ಷೆಗಳಲ್ಲಿ ನೆನಪಿಂದ ಬಿಡಿಸುವುದೂ ಬರ್ಬಹುದು. ಮಹಾರಾಷ್ಟ್ರದ ಫೈನ್ ಆರ್ಟ್ ಸಿಇಟಿಯಲ್ಲಿ ಆಬ್ಜೆಕ್ಟ್ ಡ್ರಾಯಿಂಗ್, ಡಿಸೈನ್, ಮೆಮೊರಿ ಡ್ರಾಯಿಂಗ್ ಅಂತ ಬೇರೆ ಬೇರೆಯೇ ಇಟ್ಟಿದ್ದಾರೆ. ನೆನಪಿಗೆ ಒಳ್ಳೆ ದಾರಿ ಒಂದುಂಟು. 19ನೇ ಶತಮಾನದಲ್ಲಿ ಪ್ಯಾರಿಸಲ್ಲಿ ಲೆಕೊಕ್ ದ ಬ್ವಾಬೊದ್ರಾಂ ಅಂತ ಒಬ್ಬರು ಡ್ರಾಯಿಂಗ್ ಮೇಷ್ಟ್ರು ಇದ್ದರು, ಶಿಲ್ಪಿ ರೊದಾಂಗೆ ಕಲಿಸಿದವರು. ಅವರು ಮಕ್ಕಳಿಗೆ ಮೊದಲು ಚೆನ್ನಾಗಿ ನೋಡ್ಲಿಕ್ಕೆ ಹೇಳಿ, ಆಮೇಲೆ ವಸ್ತು ಎದುರಿಲ್ಲದೆ ಬಿಡಿಸ್ಲಿಕ್ಕೆ ಹೇಳ್ತಾ ಇದ್ದರು. ನೀವೂ ಹಾಗೆ ಮಾಡ್ಬಹುದು: ಬಾವಿಕಟ್ಟೆಯನ್ನು ಎರಡು ನಿಮಿಷ ನೋಡಿ, ಒಳಗೆ ಹೋಗಿ ಬಿಡಿಸಿ, ಪುನಃ ಹೊರಗೆ ಬಂದು ಎಲ್ಲೆಲ್ಲಿ ತಪ್ಪಿತು ಅಂತ ಕೆಂಪು ಪೆನ್ನಲ್ಲಿ ಅದರ ಮೇಲೆಯೇ ತಿದ್ದಿ. ಮರುದಿನ ಅದೇ ಬಾವಿಕಟ್ಟೆ. ಎರಡನೇ ದಿನ ನೋಡುವಾಗ ಎಂತ ನೋಡ್ಬೇಕು ಅಂತ ಕಣ್ಣಿಗೆ ಗೊತ್ತಿರ್ತದೆ.

ಪೆನ್ಸಿಲು, ಪೆನ್ನು, ಇದ್ದಿಲು, ಟ್ಯಾಬ್

ಪೆನ್ಸಿಲಲ್ಲಿ ಎಚ್ ಅಂದ್ರೆ ಗಟ್ಟಿ, ಬಿ ಅಂದ್ರೆ ಮೆತ್ತಗೆ ಮತ್ತು ಕಪ್ಪು. ಎಚ್‌ಬಿ, 2ಬಿ, 4ಬಿ, 6ಬಿ ನಾಲ್ಕು ಇದ್ದರೆ ಆಯ್ತು, ಹದಿನೆಂಟು ಪೆನ್ಸಿಲಿನ ಡಬ್ಬ ಬೇಡ. ಅಪ್ಸರ, ಕ್ಯಾಮ್ಲಿನ್, ಡೋಮ್ಸ್ ಯಾವುದಾದ್ರೂ ಆಗ್ತದೆ. ಕಟ್ಟರಲ್ಲಿ (ಶಾರ್ಪನರಲ್ಲಿ) ಕೆತ್ತುವ ಬದಲು ಬ್ಲೇಡಲ್ಲಿ ಉದ್ದಕ್ಕೆ ಕೆತ್ತಿದ್ರೆ ಮಗ್ಗುಲಿಂದ ಅಗಲ ಶೇಡು ಕೊಡ್ಲಿಕ್ಕೆ ಆಗ್ತದೆ. ಪೆನ್ಸಿಲಿನ ತೊಂದರೆ ರಬ್ಬರು. ಅರ್ಧ ಹೊತ್ತು ಅಳಿಸ್ಲಿಕ್ಕೇ ಹೋಗ್ತದೆ.

ಹಾಗಾಗಿ ದಿನದ ಬೇಗದ ಚಿತ್ರಗಳಿಗೆ ಬಾಲ್‌ಪೆನ್ ಹಿಡೀರಿ ಅಂತ ನನ್ನ ಮಾತು. ಅಂಗಡಿಯಲ್ಲಿ ಸಿಗುವ ಮಾಮೂಲು ಪೆನ್ನು. ಹಗುರ ಒತ್ತಿದ್ರೆ ತಿಳಿ ಗೆರೆ, ಜೋರು ಒತ್ತಿದ್ರೆ ಕಪ್ಪು, ಅಳಿಸುವ ಹಾಗಿಲ್ಲ. ಗೆರೆ ತಪ್ಪಿದ್ರೆ ತಪ್ಪಿದ್ದರ ಪಕ್ಕದಲ್ಲೇ ಸರಿ ಗೆರೆ ಹಾಕಿ, ತಪ್ಪಿದ್ದು ಅಲ್ಲೇ ಇರ್ಲಿ, ಎಷ್ಟು ತಪ್ಪಿತ್ತು ಅಂತ ಕಾಣ್ತದೆ. ಅಳಿಸ್ಲಿಕ್ಕಾಗುವುದಿಲ್ಲ ಅಂತ ಗೊತ್ತಿರುವಾಗ ಗೆರೆ ಹಾಕುವ ಮೊದಲು ಎರಡು ಸಲ ನೋಡ್ತೀರಿ. ಉದ್ದ ಕೂರುವ ಸ್ಟಿಲ್ ಲೈಫಿಗೆ, ಅಂದ್ರೆ ಎದುರಿಟ್ಟ ವಸ್ತುಗಳ ಚಿತ್ರಕ್ಕೆ, ಪೆನ್ಸಿಲೇ ಸರಿ.

ಇದ್ದಿಲು ಅಂದ್ರೆ ಚಾರ್‌ಕೋಲ್ ಬಹಳ ಚಂದದ ಸಾಧನ, ದೊಡ್ಡ ಕಾಗದದಲ್ಲಿ ಭುಜದಿಂದ ಕೈ ಆಡಿಸ್ಲಿಕ್ಕೆ ಕಲಿಸ್ತದೆ, ನೆರಳು ಬೆಳಕನ್ನು ಒಟ್ಟಿಗೆ ದೊಡ್ಡ ದೊಡ್ಡ ಭಾಗವಾಗಿ ನೋಡ್ಲಿಕ್ಕೆ ಕಲಿಸ್ತದೆ. ಬೇಕಲ ಕೋಟೆಯ ದುಂಡು ಬುರುಜು, ಸಂಜೆ ಹೊತ್ತಿಗೆ ಒಂದು ಬದಿಯಿಂದ ಬೆಳಕು ಬೀಳುವಾಗ, ಮುರಕಲ್ಲಿನ ಒರಟು ಮೈ, ಅದನ್ನು ಬಿಡಿಸ್ಲಿಕ್ಕೆ ಇದ್ದಿಲಿನಷ್ಟು ಹೊಂದುವುದು ಬೇರೆ ಇಲ್ಲ. ಪತ್ತನಾಜೆಗೆ ಮೊದಲು ಮಾಡುವುದಾದ್ರೆ ಮಾಡಿ. ಮಳೆ ಶುರುವಾದ ಮೇಲೆ ಇಲ್ಲಿ ಇದ್ದಿಲು ಕಷ್ಟ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ, ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರಿನ ಒಳಗೆ, ಕಾಗದ ಥಂಡಿ ಹೀರಿ ಮೆತ್ತಗಾಗ್ತದೆ, ಇದ್ದಿಲು ಕಲೆ ಕಲೆಯಾಗಿ ಹಿಡೀತದೆ, ಪೆನ್ಸಿಲಿಗೂ ಹಿಡಿತ ಸಿಗುವುದಿಲ್ಲ, ರಬ್ಬರು ಉಜ್ಜಿದ್ರೆ ಕಾಗದದ ಮೈ ಏಳ್ತದೆ, ಜೆಲ್ ಪೆನ್ನಿನ ಶಾಯಿ ಹರಡ್ತದೆ. ಬಾಲ್‌ಪೆನ್ ಮಾತ್ರ ಆಗ್ಲೂ ಅಷ್ಟು ತೊಂದರೆ ಕೊಡುವುದಿಲ್ಲ, ಅದರ ಶಾಯಿ ಎಣ್ಣೆಯಂಥದ್ದು.

ಮಳೆಗಾಲದಲ್ಲಿ ಒಂದು ಲಾಭವೂ ಉಂಟು, ಮೋಡದ ಬೆಳಕು ಮೆತ್ತಗೆ, ಇಡೀ ಹೊತ್ತು ಒಂದೇ ರೀತಿ, ನೆರಳು ಸರಿಯುವುದಿಲ್ಲ. ಸಂಜೆ ಬೇಗ ಕತ್ತಲಾಗ್ತದೆ, ಆಗ ಮೇಲಿನ ಟ್ಯೂಬ್‌ಲೈಟ್ ಆಫ್ ಮಾಡಿ ಒಂದು ಬದಿಯಿಂದ ಒಂದೇ ಬಲ್ಬು ಇಟ್ಟು ತಂಬಿಗೆ, ತೆಂಗಿನಕಾಯಿ ಬಿಡಿಸಿ, ಎಲ್ಲಿ ಬೆಳಕು ಮುಗಿದು ನೆರಳು ಶುರುವಾಗ್ತದೆ ಅಂತ ಸ್ಪಷ್ಟ ಕಾಣ್ತದೆ.

ಟ್ಯಾಬಲ್ಲಿ ಬಿಡಿಸುವವರು ಕೇಳ್ತಾರೆ, ಅದು ಸಾಲದಾ ಅಂತ. ಮುಂದೆ ಅನಿಮೇಷನ್, ಡಿಸೈನ್ ಕಡೆ ಹೋಗುವವರಿಗೆ ಅದು ಬೇಕೇ ಬೇಕು, ಬೇಡ ಅಂತ ಹೇಳುವುದಿಲ್ಲ. ಆದ್ರೆ ಈಗ ಅಲ್ಲ. ಅನ್‌ಡೂ (undo) ಒತ್ತಿದ್ರೆ ತಪ್ಪು ಮಾಯ, ಝೂಮ್ ಮಾಡಿದ್ರೆ ಒಂದು ಕಣ್ಣು ಮಾತ್ರ ಕಾಣ್ತದೆ, ಮುಖದ ಅಳತೆ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಪ್ರವೇಶ ಪರೀಕ್ಷೆಯ ಡ್ರಾಯಿಂಗೂ ಹೆಚ್ಚಾಗಿ ಕಾಗದದಲ್ಲೇ. ಟ್ಯಾಬ್ ಇದ್ದವರು ರಾತ್ರಿ ಬೇಕಾದ್ರೆ ಅದರಲ್ಲಿ ಆಡಿ, ಬೆಳಿಗ್ಗಿನ ಹೊತ್ತು ಕಾಗದಕ್ಕೆ ಇಡಿ.

ಬಿಡಿ ಹಾಳೆಯಾ ಪುಸ್ತಕವಾ ಅಂದ್ರೆ ಎರಡೂ. ಫೋಟೋಕಾಪಿಯ ಎ4 ಕಾಗದ, 75 ಜಿಎಸ್ಎಮ್‌ದು, ಒಂದು ಕಟ್ಟಲ್ಲಿ 500 ಹಾಳೆ ಇರ್ತದೆ, ದಿನಕ್ಕೆ ಐದು ಬಳಸಿದ್ರೂ 100 ದಿನ ಬರ್ತದೆ, ಹಾಳಾದ್ರೂ ಸಂಕಟ ಆಗುವುದಿಲ್ಲ. ದುಬಾರಿ ಸ್ಕೆಚ್‌ಬುಕ್ ತೆಗೆದವರು ಮೊದಲ ಪುಟ ಹಾಳಾದೀತು ಅಂತ ತಿಂಗಳು ಪೂರ್ತಿ ಅದನ್ನು ಮುಟ್ಟದೆ ಇಡ್ತಾರೆ. ಹೊರಗೆ ಹೋಗುವಾಗ ಮಾತ್ರ ಕಿಸೆಗೋ ಬ್ಯಾಗಿಗೋ ಹಿಡಿಯುವ ಸಣ್ಣ ಪುಸ್ತಕ, ಎ5 ಸಾಕು, ಇನ್ನೂ ಸಣ್ಣದಾದ್ರೂ ಆದೀತು. ಶಾಂತಿನಿಕೇತನದ ನಂದಲಾಲ್ ಬೋಸರು ಪೋಸ್ಟ್‌ಕಾರ್ಡಿನ ಗಾತ್ರದ ಕಾರ್ಡುಗಳಲ್ಲಿ ಕಂಡದ್ದನ್ನೆಲ್ಲ ಬಿಡಿಸಿ ಶಿಷ್ಯರಿಗೆ, ಸ್ನೇಹಿತರಿಗೆ ಕಳಿಸ್ತಾ ಇದ್ದರು. ಆದಿತ್ಯವಾರಕ್ಕೆ ಎ3 ಕಾರ್ಟ್ರಿಜ್ ಹಾಳೆ (ಡ್ರಾಯಿಂಗಿನ ದಪ್ಪ ಕಾಗದ) ಒಂದು ಇಟ್ಕೊಳ್ಳಿ, ಸಣ್ಣದರಲ್ಲೇ ಬಿಡಿಸಿ ಅಭ್ಯಾಸ ಆದವರಿಗೆ ಕಾಲೇಜಲ್ಲಿ ದೊಡ್ಡ ಕಾಗದ ಕಂಡಾಗ ಕೈ ಏಳುವುದಿಲ್ಲ.

ಕ್ಲಾಸಾ, ಒಬ್ಬರೇ ಕೂರುವುದಾ

ಮಂಗಳೂರಿಗೆ ಹೋಗಿ ಕೋಚಿಂಗ್ ತೆಗೆಯುವವರಿದ್ದಾರೆ, ಕಾಸರಗೋಡು, ಕಾಞಂಗಾಡಲ್ಲೂ ಚಿತ್ರ ಕಲಿಸುವವರು ಇದ್ದಾರೆ. ಕ್ಲಾಸಿನ ಲಾಭ ಒಂದೇ, ಆದ್ರೆ ಅದು ದೊಡ್ಡದು: ನಿಮಗೆ ಕಾಣದ ತಪ್ಪನ್ನು ಇನ್ನೊಬ್ಬರು ತೋರಿಸ್ತಾರೆ. ಹಾಗಾಗಿ ಕ್ಲಾಸು ಆರಿಸುವಾಗ ಗೋಡೆಯ ಮೇಲೆ ಎಷ್ಟು ಚಂದದ ಚಿತ್ರ ಉಂಟು ಅಂತ ನೋಡ್ಬೇಡಿ, ಮೇಷ್ಟ್ರು ಮಕ್ಕಳ ಎದುರು ವಸ್ತು ಇಟ್ಟು ಬಿಡಿಸ್ಲಿಕ್ಕೆ ಹೇಳ್ತಾರಾ, ಅಥವಾ ಪ್ರಿಂಟ್ ಕೊಟ್ಟು ಹೀಗೇ ಮಾಡು ಅಂತಾರಾ ಅಂತ ನೋಡಿ. ಎಲ್ಲ ಮಕ್ಕಳದ್ದೂ ಒಂದೇ ಥರದ ಚಿತ್ರ ಇದ್ದರೆ ಅಲ್ಲಿ ಕಲಿಸುವುದು ಒಂದು ಕ್ರಮವನ್ನು ಮಾತ್ರ.

ಕ್ಲಾಸಿಗೆ ದುಡ್ಡು ಇಲ್ಲದವರು, ದೂರ ಇರುವವರು ಬೇಜಾರು ಮಾಡ್ಬೇಡಿ. ಅದೇ ಹಾದಿಯಲ್ಲಿ ಇರುವ ಇನ್ನೊಬ್ಬರನ್ನು ಹುಡುಕಿ, ಇಬ್ಬರೂ ಒಂದೇ ಕಂಗನ್ನು (ಅಡಿಕೆಮರವನ್ನು) ಎದುರು ಬದುರು ಕೂತು ಬಿಡಿಸಿ, ಆಮೇಲೆ ಅದಲು ಬದಲು ಮಾಡಿ ನೋಡಿ. ತಪ್ಪು ಹುಡುಕುವ ಇನ್ನೊಂದು ಉಪಾಯ ಕನ್ನಡಿ, ಚಿತ್ರವನ್ನು ಕನ್ನಡಿಯಲ್ಲಿ ತೋರಿಸಿ ನೋಡಿದ್ರೆ ಓರೆಯಾದದ್ದು ಕೂಡ್ಲೇ ಕಣ್ಣಿಗೆ ಹೊಡೀತದೆ.

ದಿನಾ ಇನ್‌ಸ್ಟಾಗ್ರಾಮಿಗೆ ಹಾಕುವುದು ಒಳ್ಳೆಯದಾ ಅಂತ ಕೇಳಿದ್ರೆ, ಈ ತಿಂಗಳುಗಳಲ್ಲಿ ಬೇಡ. ಹಾಕ್ಲಿಕ್ಕೆ ಶುರು ಮಾಡಿದ್ರೆ ಲೈಕ್ ಬರುವ ಚಿತ್ರವನ್ನೇ ಮಾಡ್ಬೇಕು ಅಂತ ಆಗ್ತದೆ, ಅಜ್ಜಿಯ ಕೈಯ ಹತ್ತು ಅಡ್ಡಾದಿಡ್ಡಿ ಗೆರೆಗೆ ಯಾರೂ ಲೈಕ್ ಕೊಡುವುದಿಲ್ಲ, ಆದ್ರೆ ನಿಮಗೆ ಬೇಕಾದ್ದು ಅದೇ ಹತ್ತು ಗೆರೆ. ಗೊತ್ತಿರುವ ಒಬ್ಬರಿಗೆ, ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೋ ಮೊದಲೇ ಆರ್ಟ್ ಕಾಲೇಜಿಗೆ ಹೋದ ಅಣ್ಣನಿಗೋ ಅಕ್ಕನಿಗೋ, ಹದಿನೈದು ದಿನಕ್ಕೊಮ್ಮೆ ಎಲ್ಲ ಹಾಳೆ ಹರಡಿ ತೋರಿಸಿ, ಆರಿಸದೆ.

ಮನೆಯವರ ವಿಷಯವೂ ಹೇಳ್ಬೇಕು. ಚಿತ್ರ ಕಲಿತು ಮುಂದೆ ಎಂತ ಅಂತ ಮಾವಂದಿರು, ದೊಡ್ಡಪ್ಪಂದಿರು ಕೇಳಿಯೇ ಕೇಳ್ತಾರೆ. ಮಲಂಪುಳದ ಯಕ್ಷಿ ಶಿಲ್ಪ ಮಾಡಿದ ಕಾನಾಯಿ ಕುಞಿರಾಮನ್ ನಮ್ಮ ಜಿಲ್ಲೆಯ ಚೆರುವತ್ತೂರು ಕಡೆಯವರೇ, ಮದ್ರಾಸಿನ ಆರ್ಟ್ ಕಾಲೇಜಲ್ಲಿ ಕಲಿತು ಆಮೇಲೆ ಲಂಡನ್ನಿನವರೆಗೆ ಹೋದವರು ಅಂತ ಹೇಳ್ಬಹುದು. ಆದ್ರೆ ಮಾತಿಗಿಂತ ಹೆಚ್ಚಾಗಿ, ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಅದೇ ಮೂಲೆಯಲ್ಲಿ ಕೂರುವುದನ್ನು ಮನೆಯವರು ನೋಡಿದ್ರೆ ಅದರ ಪರಿಣಾಮ ಬೇರೆ, ಒಂದು ವಾರ ಕಳೆದ ಮೇಲೆ ಆ ಹೊತ್ತಲ್ಲಿ ಅಂಗಡಿಗೆ ಹೋಗು ಅಂತ ಕರೆಯುವುದೂ ನಿಲ್ತದೆ.

ಪೋರ್ಟ್‌ಫೋಲಿಯೋ, ಅಂದ್ರೆ ನೀವು ಮಾಡಿದ ಚಿತ್ರಗಳ ಕಟ್ಟು, ಕೇಳುವ ಕಾಲೇಜಿಗೆ ಹೋಗುವುದಾದ್ರೆ ಫ್ರೇಮ್ ಹಾಕುವಂಥ ಐದಾರು ಚಿತ್ರದ ಜೊತೆಗೆ ಈ ದಿನದ ಹಾಳೆಗಳನ್ನೂ ತೆಕ್ಕೊಂಡು ಹೋಗಿ. ಮುಗಿಸಿದ ಚಿತ್ರದಲ್ಲಿ ನಿಮಗೆ ಎಂತ ಬರ್ತದೆ ಅಂತ ಕಾಣ್ತದೆ, ದಿನದ ಹಾಳೆಯಲ್ಲಿ ನೀವು ಹೇಗೆ ಕಲೀತೀರಿ ಅಂತ ಕಾಣ್ತದೆ, ಕಲಿಸುವವರಿಗೆ ಎರಡನೆಯದ್ದೇ ಹೆಚ್ಚು ಬೇಕಾದ್ದು ಅಂತ ನಾನು ನಂಬಿದ್ದೇನೆ. ಅದಕ್ಕೋಸ್ಕರ ಮೊದಲ ದಿನದಿಂದಲೇ ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಕು, ಎಷ್ಟು ನಿಮಿಷ ಅಂತ ಬರೀರಿ, ಚಂದ ಬರದ್ದನ್ನು ಹರಿದು ಹಾಕ್ಬೇಡಿ. ಹಾಳೆಗಳನ್ನು ಮಂಚದ ಅಡಿಗೆ, ಗೋಡೆಗೆ ತಾಗಿಸಿ ಇಟ್ರೆ ಜುಲೈಗೆ ಬೂಸ್ಟು ಹಿಡೀತದೆ, ಪ್ಲಾಸ್ಟಿಕ್ ಫೋಲ್ಡರಲ್ಲಿ ಹಾಕಿ, ಚಪ್ಪಲಿ ಡಬ್ಬದಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಎರಡು ಒಳಗಿಟ್ಟು, ಕಪಾಟಿನ ಮೇಲಿನ ಅಟ್ಟಕ್ಕೆ ಇಡಿ.